ಕಟ್ಟಿದ ಕೆಚ್ಚಲು

2024ರ ಏಪ್ರಿಲ್ ತಿಂಗಳ ಒಂದು ಸಂಜೆ ಸಾಗರ ತಾಲ್ಲೂಕಿನ ಪರಿಚಯದ ಗೌಡರೊಬ್ಬರು ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು. “ಸಾಹೇಬ್ರೇ, ನಿಮ್ಮ ಅಳಿಯ ನನ್ನನ್ನ ಸುಳ್ಳುಗಾರ ಮಾಡಿಬಿಟ್ಟ” ಅಂದರು.

ಗೌಡರಿಗೆ ಮೂರು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಕೈಕೊಟ್ಟು, ಸಾಲ ಮಾಡಿ ಹಳೆಯ ಮನೆಯ ಪಕ್ಕ ನಾಲ್ಕು ಕೋಣೆ ಕಟ್ಟಿಸಿ ಹೋಂಸ್ಟೇ ಶುರು ಮಾಡಿದ್ದರು. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟವನು ನನ್ನ ಅಕ್ಕನ ಮಗ. ಕಂಪ್ಯೂಟರ್ ಓದಿದ ಹುಡುಗ. ಬೆಂಗಳೂರು ಬೇಡವೆಂದು ಊರಿಗೆ ಮರಳಿ ಇದೇ ಕೆಲಸ ಹಿಡಿದಿದ್ದಾನೆ. ಆ ವೆಬ್‌ಸೈಟ್ ತೆರೆದ ಕೂಡಲೇ ಜೋಗದ ಜಲಪಾತ ಭೋರ್ಗರೆಯುತ್ತಾ ಪರದೆ ತುಂಬ ಇಳಿಯುತ್ತದೆ. ಗಾಜಿನ ಮೇಲೆ ಬಿದ್ದಂತೆ ಹನಿಗಳು ಜಾರುತ್ತವೆ. ಹೋಂಸ್ಟೇಯ ಹೆಸರು ಮಂಜಿನೊಳಗಿಂದ ನಡುಗುತ್ತಾ ಮೇಲೆ ಬರುತ್ತದೆ. ಕೆಳಗೆ ಕೆಂಪು ಅಕ್ಷರದಲ್ಲಿ “ಇನ್ನು ಒಂದೇ ಕೋಣೆ ಉಳಿದಿದೆ” ಎಂಬ ಸಾಲು ಮಿಣುಕುತ್ತಿರುತ್ತದೆ.

ಇದನ್ನು ನೋಡಿ ರಾಯಚೂರಿನ ಕಡೆಯ ಒಂದು ಕುಟುಂಬ ಏಪ್ರಿಲ್‌ನಲ್ಲಿ ಬಂದಿಳಿದಿದೆ. ಜೊತೆಗೆ ಎಪ್ಪತ್ತು ದಾಟಿದ ತಾಯಿ. ಸಾಯುವುದರೊಳಗೆ ಒಮ್ಮೆ ಜೋಗ ನೋಡಬೇಕು ಎಂಬುದು ಆಕೆಯ ಆಸೆಯಂತೆ. ಗೌಡರೇ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದಾರೆ. ಕಂಬಿ ಹಿಡಿದು ನಿಂತ ಆ ಅಜ್ಜಿ ಎದುರಿನ ಕಪ್ಪು ಬಂಡೆಯನ್ನು, ಅದರ ಮೇಲೆ ದಾರದಂತೆ ಇಳಿಯುತ್ತಿದ್ದ ನೀರನ್ನು ಬಹಳ ಹೊತ್ತು ನೋಡಿ, “ನೀರು ಎಲ್ಲೈತಪ್ಪಾ?” ಎಂದು ಕೇಳಿದಳಂತೆ. ಮಗ ಗೌಡರ ಮುಖ ನೋಡಿದನಂತೆ. ಗೌಡರು ನೆಲ ನೋಡಿದರಂತೆ.

ನಾನು ಹುಡುಗನನ್ನು ಕರೆದು ವಿಚಾರಿಸಿದೆ. ಅವನು ಸ್ವಲ್ಪವೂ ಅಳುಕಲಿಲ್ಲ. “ಮಾಮೂ, ಅದರಲ್ಲಿ ಸುಳ್ಳು ಏನಿದೆ? ಆ ನೀರು ಜೋಗದ್ದೇ. ಜುಲೈನಲ್ಲಿ ನಾನೇ ನಿಂತು ತೆಗೆದದ್ದು. ಜನರ ಕಣ್ಣು ಹಿಡಿದು ನಿಲ್ಲಿಸದಿದ್ದರೆ ಮೂರು ಸೆಕೆಂಡಿನಲ್ಲಿ ಬೇರೆ ಕಡೆ ಹೋಗ್ತಾರೆ. ಗೌಡರ ಸಾಲ ಯಾರು ತೀರಿಸ್ತಾರೆ?” ಎಂದ. ಅವನ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಲೇಖನ ಅಂದು ಕೊಡಲಾಗದೆ ಹೋದ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಜೋಗದ ವಿಷಯ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿಗೆ ಬಂದು, ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ 830 ಅಡಿ ಧುಮುಕುತ್ತದೆ. ಇದು ಮಕ್ಕಳಿಗೂ ಗೊತ್ತು. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನದಿ ತನ್ನ ಇಷ್ಟದಂತೆ ಧುಮುಕುತ್ತಿಲ್ಲ. ನೀರು ವಿದ್ಯುತ್ ಯಂತ್ರಗಳ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸುತ್ತಲಿನ ಹಳ್ಳಗಳು ತುಂಬಿದಾಗ, ಜಲಾಶಯ ತನ್ನ 1819 ಅಡಿಯ ಮಟ್ಟ ಮುಟ್ಟುವಂತಾಗಿ ಗೇಟು ಎತ್ತಿದಾಗ ಮಾತ್ರ ವೆಬ್‌ಸೈಟಿನ ಆ ಜೋಗ ಕಾಣುತ್ತದೆ. ವರ್ಷದ ಬಹುಕಾಲ ಕಾಣುವುದು ಬಂಡೆ. ಹಾಗಾಗಿ ಅಳಿಯನ ವಿಡಿಯೊದ ಒಂದೊಂದು ಹನಿಯೂ ನಿಜ. ಏಪ್ರಿಲ್‌ನಲ್ಲಿ ಹೊರಟವರಿಗೆ ಅದು ಕೊಟ್ಟ ಭರವಸೆ ಮಾತ್ರ ಸುಳ್ಳು. ಸತ್ಯದ ತುಂಡುಗಳನ್ನೇ ಜೋಡಿಸಿ ಸುಳ್ಳು ಹೇಳಬಹುದು ಎಂಬುದು ಕತೆ ಬರೆಯುವ ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಓದಿದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಒಂದು ಪದ ಸಿಕ್ಕಿದರೆ ಅದರ ಬೇರು ಯಾವ ಮನೆಯದು ಎಂದು ಕೆದಕುತ್ತೇವೆ. ನಾವು ದಿನವೂ ಬಳಸುವ ‘ಜಾಹೀರಾತು’ ಅರಬ್ಬಿಯ ‘ಜಾಹಿರ್’ನಿಂದ ಬಂದದ್ದು. ಜಾಹಿರ್ ಎಂದರೆ ಹೊರಗೆ ಕಾಣುವುದು. ಅದರ ಜೋಡಿಪದ ‘ಬಾತಿನ್’, ಎಂದರೆ ಒಳಗಿರುವುದು. ನಮ್ಮ ಸೂಫಿಗಳು ಬದುಕಿಡೀ ಹೇಳಿದ್ದು ಈ ಎರಡರ ನಡುವಿನ ಅಂತರ ಕಡಿಮೆ ಮಾಡಿಕೊಳ್ಳಿ ಎಂದೇ. ಗಮನಕ್ಕೆ ಉರ್ದುವಿನಲ್ಲಿ ‘ತವಜ್ಜೊ’ ಎನ್ನುತ್ತೇವೆ. ಅದರ ಬೇರು ‘ವಜ್ಹ್’, ಅಂದರೆ ಮುಖ. ಯಾರಿಗಾದರೂ ತವಜ್ಜೊ ಕೊಡುವುದೆಂದರೆ ಅವರ ಕಡೆ ಮುಖ ತಿರುಗಿಸುವುದು. ಕನ್ನಡದ ‘ಗಮನ’ಕ್ಕೆ ಹೋಗುವುದು ಎಂಬ ಅರ್ಥವೂ ಇದೆ. ಆದರೆ ಆ ಗಮನವನ್ನು ನಾವು ‘ಸೆಳೆಯುತ್ತೇವೆ’. ಸೆಳೆಯುವುದು ಹೊಳೆಯ ಕೆಲಸ. ಸೆಳವಿಗೆ ಸಿಕ್ಕವನು ತಾನಾಗಿ ಹೋಗುವುದಿಲ್ಲ, ಹೋಗಿಬಿಡುತ್ತಾನೆ. ಮನುಷ್ಯ ತಾನಾಗಿ ಮುಖ ತಿರುಗಿಸುವುದಕ್ಕೂ, ಅವನ ಗದ್ದ ಹಿಡಿದು ನಾವೇ ತಿರುಗಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿನ ನೈತಿಕ ಪ್ರಶ್ನೆ.

ಗದ್ದ ಹಿಡಿದು ತಿರುಗಿಸಿದರೆ ವ್ಯಾಪಾರವಾದರೂ ಆಗುತ್ತದೆಯೇ? ಅಂತರ್ಜಾಲದ ಮೂವತ್ತು ವರ್ಷಗಳ ಅನುಭವ ಈ ಬಗ್ಗೆ ಒಂದಿಷ್ಟು ಹೇಳುತ್ತದೆ. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ‘ಹಾಟ್‌ವೈರ್ಡ್’ ತಾಣದಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಬಂದಾಗ ಅವು ಹೊಸತು. ಜನ ಕುತೂಹಲದಿಂದ ಒತ್ತಿದರು. ನಾಲ್ಕೇ ವರ್ಷಗಳಲ್ಲಿ, 1998ರಲ್ಲಿ, ಬೆನ್ವೇ ಮತ್ತು ಲೇನ್ ಎಂಬ ಇಬ್ಬರು ಸಂಶೋಧಕರು ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಜನರಿಗೆ ಬೇಕಾದ ಮಾಹಿತಿಯನ್ನೇ ದೊಡ್ಡದಾಗಿ, ಬಣ್ಣ ಬಣ್ಣವಾಗಿ ಬ್ಯಾನರಿನಲ್ಲಿ ಹಾಕಿದರೆ ಅವರು ಅದನ್ನೇ ನೋಡದೆ ಬೇರೆಲ್ಲ ಕಡೆ ಹುಡುಕುತ್ತಿದ್ದರು! ಎದ್ದು ಕಾಣುವುದೆಲ್ಲ ಮಾರಾಟದ ಗದ್ದಲ ಎಂದು ಕಣ್ಣು ಕಲಿತುಬಿಟ್ಟಿತ್ತು. ಇದಕ್ಕೆ ಅವರಿಟ್ಟ ಹೆಸರು ‘ಬ್ಯಾನರ್ ಕುರುಡು’. ಗದ್ದಲಕ್ಕೆ ಕುರುಡಾದವರನ್ನು ಎಬ್ಬಿಸಲು ಇನ್ನೂ ದೊಡ್ಡ ಗದ್ದಲ ಬಂತು. ಕೇಳದೆಯೇ ತೆರೆದುಕೊಳ್ಳುವ ಕಿಟಕಿಗಳು ಬಂದವು, ತಾನಾಗಿ ಕೂಗಿಕೊಳ್ಳುವ ವಿಡಿಯೊಗಳು ಬಂದವು. ಕೊನೆಗೆ ಬ್ರೌಸರ್ ಮಾಡುವವರೇ ಬೇಸತ್ತರು. 2017ರಲ್ಲಿ ಸಫಾರಿ, 2018ರಲ್ಲಿ ಕ್ರೋಮ್, ಸದ್ದು ಮಾಡುತ್ತಾ ತಾನಾಗಿ ಓಡುವ ವಿಡಿಯೊಗಳಿಗೆ ಕಡಿವಾಣ ಹಾಕಿದವು.

ಚಲಿಸುವುದರ ಕಡೆ ಕಣ್ಣು ಹೋಗುವುದು ಪ್ರಾಣಿಸಹಜ. ಪೊದೆ ಅಲುಗಿದರೆ ನೋಡದ ಜಿಂಕೆ ಉಳಿಯುವುದಿಲ್ಲ. ಈ ಪ್ರಾಣಭಯದ ನರವನ್ನೇ ಮಾರಾಟಗಾರ ಮೀಟುತ್ತಾನೆ. ಅದು ಕೆಲವರ ದೇಹಕ್ಕೇ ಅಪಾಯ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೊಕೆಮಾನ್’ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು, ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿನುಗಬಾರದು, ತಾನಾಗಿ ಶುರುವಾಗಿ ಐದು ಸೆಕೆಂಡು ಮೀರಿ ಅಲುಗುವುದನ್ನು ನಿಲ್ಲಿಸಲು ನೋಡುಗನಿಗೆ ದಾರಿ ಇರಬೇಕು ಎಂಬ ಮಾತುಗಳು 2008ರ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯಲ್ಲಿವೆ. ನೋಡುಗನಿಗೆ ‘ಸಾಕು’ ಎನ್ನುವ ಹಕ್ಕು ಇರಬೇಕು ಎಂಬುದೇ ಇದರ ಸಾರ. ನೀತಿಯ ಮಾತನ್ನು ಎಂಜಿನಿಯರುಗಳು ಅಳತೆಯಲ್ಲಿ ಬರೆದಿದ್ದಾರೆ, ಅಷ್ಟೆ.

ಹಾಗಾದರೆ ಈ ತಂತ್ರಗಳು ಸಂಪೂರ್ಣ ವ್ಯರ್ಥವೇ? ಹಾಗೆಂದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಚಿಕ್ಕಂದಿನಲ್ಲಿ ಸಾಗರದ ಮಾರಿಜಾತ್ರೆಗೆ ಹೋಗುತ್ತಿದ್ದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಒಂದು ಸಲ ಅಲ್ಲೊಂದು ಡೇರೆಯ ಮುಂದೆ ಅರ್ಧ ಹೆಣ್ಣು, ಅರ್ಧ ಹಾವಿನ ಆಳೆತ್ತರದ ಚಿತ್ರ. ಸುತ್ತ ಓಡುವ ಬಣ್ಣದ ಬಲ್ಬು. ಮೈಕಿನಲ್ಲಿ ಒಬ್ಬನ ಅರಚಾಟ. ನನ್ನಲ್ಲಿದ್ದ ದುಡ್ಡನ್ನೆಲ್ಲ ಕೊಟ್ಟು ಒಳಗೆ ಹೋದೆ. ಒಳಗೆ ನಿದ್ದೆಗಣ್ಣಿನ ಒಬ್ಬ ಹುಡುಗಿ ಹಲಗೆಯ ತೂತಿನಿಂದ ತಲೆ ಹೊರಗಿಟ್ಟು ಕುಳಿತಿದ್ದಳು. ಕೆಳಗೆ ಬಟ್ಟೆಯ ಹಾವು. ಹೊರಗೆ ಬಂದವರಾರೂ ಸಾಲಿನಲ್ಲಿ ನಿಂತವರಿಗೆ ಏನೂ ಹೇಳಲಿಲ್ಲ. ತಾನೊಬ್ಬನೇ ಮೋಸಹೋದೆ ಎಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಆ ಡೇರೆಗೆ ಅಂದು ಭರ್ಜರಿ ಕಲೆಕ್ಷನ್. ಮುಂದಿನ ಜಾತ್ರೆಗೆ ಅವರು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ದೇಶದ ತುಂಬ ಜಾತ್ರೆಗಳಿದ್ದವು.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ಅಬ್ಬಾ. ಅವರು ಬಟ್ಟೆಯ ಗಂಟು ಹೊತ್ತು ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿಯ ಸಂತೆಗಳನ್ನು ತಿರುಗುತ್ತಿದ್ದರು. ಸಂಜೆಯಾದರೆ ಪೆಟ್ರೋಮ್ಯಾಕ್ಸ್ ಹಚ್ಚುತ್ತಿದ್ದರು. ಆ ಬೆಳಕಿನಲ್ಲಿ ಯಾವ ಸೀರೆಯೂ ಸುಂದರವೇ. ಆದರೆ ಕತ್ತಲಾಗುವ ಮೊದಲು ಯಾರಾದರೂ ಬಂದರೆ ಅಬ್ಬಾ ಸೀರೆಯನ್ನು ಹೊರಗೆ ಒಯ್ದು, “ಬಿಸಿಲಿಗೆ ಹಿಡಿದು ನೋಡಮ್ಮಾ” ಎನ್ನುತ್ತಿದ್ದರು. ಕತ್ತಲಾದ ಮೇಲೆ ಬಂದವರಿಗೆ, “ಬಣ್ಣ ಬೆಳಿಗ್ಗೆ ಸ್ವಲ್ಪ ಮಂಕಾಗಿ ಕಾಣ್ತದೆ, ಒಪ್ಪಿಗೆ ಆಗದಿದ್ರೆ ಮುಂದಿನ ವಾರ ತನ್ನಿ” ಎನ್ನುತ್ತಿದ್ದರು. ಅಬ್ಬಾ ಸಂತರೇನಲ್ಲ, ಚೌಕಾಸಿಯಲ್ಲಿ ಗಟ್ಟಿಗರು. ಆದರೆ ಮುಂದಿನ ವಾರ ಅದೇ ಸಂತೆಗೆ ಹೋಗಬೇಕಿತ್ತು, ಅದೇ ಹೆಂಗಸಿನ ಮುಖ ನೋಡಬೇಕಿತ್ತು. ಅವರ ಪ್ರಾಮಾಣಿಕತೆಯಲ್ಲಿ ದೇವರ ಭಯ ಎಷ್ಟು, ಮುಂದಿನ ವಾರದ ಭಯ ಎಷ್ಟು ಎಂದು ನಾನು ಅಳೆಯಲಾರೆ. ಎರಡೂ ಇದ್ದವು.

ಕಣ್ಣು ಕಟ್ಟುವ ತಂತ್ರ ಲಾಭ ತರುವುದು ಡೇರೆಯವನಿಗೆ. ಕೊಂಡವನ ಮುಖವನ್ನು ಮತ್ತೆ ನೋಡಬೇಕಿಲ್ಲದವನಿಗೆ. ಸಂತೆಯವನಿಗೆ ಅದು ನಷ್ಟ. ಅಂತರ್ಜಾಲ ಮಾಡಿದ್ದೇನೆಂದರೆ ಸಂತೆಯವನ ಕೈಗೂ ಡೇರೆಯವನ ಮೈಕು ಕೊಟ್ಟಿತು. ರಾಯಚೂರಿನ ಆ ಅಜ್ಜಿ ಇನ್ನೊಮ್ಮೆ ಗೌಡರ ಮನೆಗೆ ಬರುವುದಿಲ್ಲ. ಲೆಕ್ಕದ ಪ್ರಕಾರ ಅವಳು ಒಂದು ಸಲದ ಗಿರಾಕಿ. ಅವಳಂಥವರು ನಾಳೆಯೂ ಸಿಗುತ್ತಾರೆ. ತೃಪ್ತರಾಗದೆ ಹೋದವರು ಈಗ ಗೂಗಲ್‌ನಲ್ಲಿ ನಕ್ಷತ್ರ ಕಡಿಮೆ ಕೊಟ್ಟು ನಾಲ್ಕು ಮಾತು ಬರೆಯುತ್ತಾರೆ ನಿಜ. ಸಂತೆಯ ನೆನಪಿನ ಶಕ್ತಿ ಹೀಗೆ ಸ್ವಲ್ಪ ಮರಳಿದೆ. ಆದರೆ ಆ ಅಜ್ಜಿಗೆ ನಕ್ಷತ್ರ ಒತ್ತಲು ಬರುವುದಿಲ್ಲ. ಎಲ್ಲಿ ಮುಂದಿನ ವಾರದ ಭಯ ಇರುವುದಿಲ್ಲವೋ ಅಲ್ಲಿ ಉಳಿಯುವುದು ಮನಸ್ಸಾಕ್ಷಿ ಒಂದೇ. ಅಪರಿಚಿತನಿಗೆ ಮಾರುವಾಗಲೂ ನೆರೆಮನೆಯವನಿಗೆ ಮಾರಿದಂತೆ ಮಾರಬೇಕು ಎಂಬ ನಿಯಮವನ್ನು ಹಿಂದಿಗಿಂತ ಈಗ ಹೆಚ್ಚು ಗಟ್ಟಿಯಾಗಿ ಹಿಡಿಯಬೇಕಾಗಿದೆ.

ಪ್ರವಾದಿ ಮುಹಮ್ಮದ್ (ಸ) ಸ್ವತಃ ವ್ಯಾಪಾರ ಮಾಡಿದವರು. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿ, ಬೆರಳು ಒದ್ದೆಯಾದದ್ದನ್ನು ಕಂಡು, ಮಳೆಗೆ ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲ ಎಂದು ಮಾರುವವನನ್ನು ಕೇಳಿದ ಪ್ರಸಂಗ ಎಲ್ಲರಿಗೂ ಪರಿಚಿತ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ನಿಷೇಧವಿದೆ. ಅದರ ಹೆಸರು ‘ತಸ್ರಿಯಾ’. ಒಂಟೆಯನ್ನೋ ಆಡನ್ನೋ ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ಊದಿಸುವುದು. ಕೊಳ್ಳುವವನು ತುಂಬಿದ ಕೆಚ್ಚಲು ನೋಡಿ ದುಡ್ಡು ಕೊಡುತ್ತಾನೆ. ಮನೆಗೆ ಒಯ್ದು ಒಂದೆರಡು ಸಲ ಕರೆದ ಮೇಲೆ ಗುಟ್ಟು ತಿಳಿಯುತ್ತದೆ. ಇಂಥ ಕೊಳ್ಳುವವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕಿದೆ; ಕರೆದ ಹಾಲಿನ ಬದಲಿಗೆ ಒಂದು ಅಳತೆ ಖರ್ಜೂರ ಕೊಟ್ಟರೆ ಸಾಕು ಎಂದು ಹದೀಸ್ ಹೇಳುತ್ತದೆ. ಗಮನಿಸಿ: ಆ ಹಾಲು ಬೇರೆ ಪ್ರಾಣಿಯದಲ್ಲ. ನೀರು ಬೆರೆಸಿದ್ದಲ್ಲ. ಮಾರುವವನು ಬಾಯಿಬಿಟ್ಟು ಒಂದು ಸುಳ್ಳೂ ಹೇಳಿಲ್ಲ. ಹಲವು ದಿನದ ಹಾಲನ್ನು ಒಂದೇ ದಿನದ್ದೆಂದು ಕಣ್ಣಿಗೆ ತೋರಿಸಿದ, ಅಷ್ಟೆ. ನಮ್ಮ ಮಲೆನಾಡಿನಲ್ಲಿ ದನ ಕಟ್ಟಿದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ. ಜುಲೈ ತಿಂಗಳ ಜೋಗವನ್ನು ಏಪ್ರಿಲ್‌ನಲ್ಲಿ ಮಾರುವುದೂ ಕಟ್ಟಿದ ಕೆಚ್ಚಲೇ. “ಆ ನೀರು ಜೋಗದ್ದೇ ಅಲ್ವಾ ಮಾಮೂ” ಎಂಬ ಪ್ರಶ್ನೆಗೆ ನನಗೆ ಕೊನೆಗೆ ಸಿಕ್ಕ ಉತ್ತರ ಇದು.

ಆದರೆ ಹುಡುಗನ ಇನ್ನೊಂದು ಮಾತನ್ನು ತಳ್ಳಿಹಾಕುವಂತಿಲ್ಲ. ಕಾಣದಿದ್ದರೆ ಯಾರೂ ಬರುವುದಿಲ್ಲ. ದೊಡ್ಡ ರೆಸಾರ್ಟಿಗೆ ಹೆದ್ದಾರಿಯ ಫಲಕವಿದೆ, ನಟಿಯರ ಮುಖವಿದೆ. ಗೌಡರಿಗೆ ಏನಿದೆ? ಸಜ್ಜನರು ಸುಮ್ಮನೆ ಕುಳಿತರೆ ಪೇಟೆ ಅರಚುವವರ ಪಾಲಾಗುತ್ತದೆ. ಕರೆಯುವುದು ತಪ್ಪಲ್ಲ. ಅಜಾನ್ ಎಂಬ ಪದದ ಅರ್ಥವೇ ಸಾರುವುದು. ಅದು ಕೆಲವೇ ನಿಮಿಷ ಕರೆಯುತ್ತದೆ, ಯಾವ ಹೊತ್ತು, ಯಾತಕ್ಕೆ ಎಂದು ಹೇಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬರುವುದು ಬಿಡುವುದು ನಮಗೆ ಬಿಟ್ಟದ್ದು. (ನಮ್ಮ ಜಲ್ಸಾಗಳಲ್ಲಿ ಮಧ್ಯರಾತ್ರಿಯವರೆಗೆ ನಾಲ್ಕು ದಿಕ್ಕಿಗೆ ಮೈಕು ಕಟ್ಟುವವರು ಇದನ್ನು ಯೋಚಿಸಬೇಕು. ಗಣಪತಿ ಪೆಂಡಾಲಿನವರಿಗೆ ಹೇಳುವ ಮೊದಲು ನಮಗೇ ಹೇಳಿಕೊಳ್ಳೋಣ.) ಯಕ್ಷಗಾನದಲ್ಲೂ ಆಟ ಶುರುವಾಗುವ ಮೊದಲು ಚೆಂಡೆ ಬಾರಿಸಿ ಊರಿಗೆ ತಿಳಿಸುತ್ತಾರೆ. ಆದರೆ ಪಾತ್ರಧಾರಿ ಅರ್ಥ ಹೇಳಲು ನಿಂತನೆಂದರೆ ಚೆಂಡೆ ಮೌನವಾಗುತ್ತದೆ. ಮಾತು ನಡೆಯುವಾಗಲೂ ಬಡಿಯುತ್ತಲೇ ಇದ್ದರೆ ಹೇಳಲು ಏನೂ ಇಲ್ಲ ಎಂದೇ ಅರ್ಥ.

ಚಲಿಸುವ ಚಿತ್ರವೂ ಕೆಟ್ಟದ್ದಲ್ಲ. ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ‘ಚರಕ’ದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರೂ ಅಲ್ಲಿ ಬಣ್ಣವಾಗುತ್ತದೆ. ನೂಲು ಚೊಗರಿನೊಳಗೆ ಇಳಿದು ಕೆಂಪಾಗಿ ಮೇಲೆ ಬರುವುದನ್ನು ಅರ್ಧ ನಿಮಿಷ ತೋರಿಸಿದರೆ, ಆ ಬಟ್ಟೆಗೇಕೆ ಅಷ್ಟು ಬೆಲೆ ಎಂದು ಹತ್ತು ಪುಟ ಬರೆಯಬೇಕಿಲ್ಲ. ಸಾಗರದ ಗುಡಿಗಾರರ ಉಳಿ ಗಂಧದ ಮರದಲ್ಲಿ ಎಲೆ ಬಿಡಿಸುವುದನ್ನು ತೋರಿಸಿದರೂ ಅಷ್ಟೆ. ಅಲ್ಲಿ ಚಲನೆ ವಸ್ತುವಿನದೇ. ನೋಡುವವನಿಗೆ ಒಂದು ವಿಷಯ ತಿಳಿಯುತ್ತದೆ. ನಡುಗುವ ಅಕ್ಷರ, ಜಾರುವ ಹನಿ, ಮಿಣುಕುವ ಕೆಂಪು ಸಾಲುಗಳು ವಸ್ತುವಿನವಲ್ಲ, ಮೇಲೆ ಹಚ್ಚಿದವು. ಅವು ನೆನಪಿನಲ್ಲಿ ಉಳಿಯುತ್ತವೆ, ಮಾರುತ್ತಿದ್ದುದು ಏನೆಂಬುದು ಮರೆಯುತ್ತದೆ. ಅಡಿಕೆ ವ್ಯಾಪಾರಿಗೆ ಇದು ಗೊತ್ತು. ರಾಶಿಯ ಹೊಳಪಿಗೆ ಅವನು ಹತ್ತಿರ ಬರುತ್ತಾನೆ ನಿಜ. ಬೆಲೆ ಹೇಳುವುದು ಅಡಿಕೆಯನ್ನು ಕತ್ತರಿಸಿ ಒಳಗೆ ನೋಡಿದ ಮೇಲೆ.

ಇನ್ನೊಂದು ಮಾತು. ಕಣ್ಣು ಒಂದು ಕಡೆ ಸೆಳೆಯಲ್ಪಟ್ಟಾಗ ಇನ್ನೊಂದು ಕಡೆ ಕಾಣದೆ ಹೋಗುತ್ತದೆ. ಶರಾವತಿ ಹಿನ್ನೀರಿನ ಡ್ರೋನ್ ವಿಡಿಯೊಗಳನ್ನು ನೀವೂ ನೋಡಿರಬಹುದು. ನೀಲಿ ನೀರು, ಹಸಿರು ದ್ವೀಪ, ಹಿನ್ನೆಲೆಯಲ್ಲಿ ಕೊಳಲು. ಆ ದ್ವೀಪಗಳು ಒಂದು ಕಾಲದ ಗುಡ್ಡದ ನೆತ್ತಿಗಳು. ಅವುಗಳ ಬುಡದಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆಗಳು, ಗೋರಿಗಳು ಮುಳುಗಿವೆ. ಅಲ್ಲಿಂದ ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ತುಮರಿ ದ್ವೀಪದವರು ಒಂದು ಸೇತುವೆಗಾಗಿ 2025ರ ಜುಲೈವರೆಗೆ ಕಾಯಬೇಕಾಯಿತು. ಪ್ರವಾಸಿಗನಿಗೆ ಇದನ್ನೆಲ್ಲ ಹೇಳಿ ಅವನ ರಜೆ ಕೆಡಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಬರೀ ಕಣ್ಣಿಗೆ ಹಬ್ಬವಾಗುವುದನ್ನೇ ಕಲಿತ ಊರು ತನ್ನ ಮುಖವನ್ನು ತಾನೇ ಮರೆಯುತ್ತದೆ ಎಂಬ ಭಯ ನನಗಿದೆ.

ಕಾನೂನು ಏನು ಮಾಡುತ್ತದೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂತರ್ಜಾಲದ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಇಲ್ಲದ ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ನಾಲ್ಕೂ ಕೋಣೆ ಖಾಲಿ ಇರುವಾಗ “ಇನ್ನು ಒಂದೇ ಕೋಣೆ” ಎನ್ನುವುದು ಅದೇ. ಇದನ್ನು ಹೇಳಿದ ದಿನವೇ ಅಳಿಯ ಆ ಸಾಲು ತೆಗೆದುಹಾಕಿದ. ಆದರೆ ಕಾನೂನು ಹಿಡಿಯುವುದು ಸ್ಪಷ್ಟ ಸುಳ್ಳನ್ನು. ಪೆಟ್ರೋಮ್ಯಾಕ್ಸ್ ಬೆಳಕಿನ ಸೀರೆಗೆ ಯಾವ ಸೆಕ್ಷನ್ ಹಾಕುತ್ತೀರಿ?

ನನ್ನ ಕೈಯೂ ಪೂರ್ತಿ ಶುದ್ಧವಲ್ಲ. ಕತೆಯ ಮೊದಲ ಸಾಲಿನಲ್ಲೇ ಓದುಗರನ್ನು ಹಿಡಿಯಬೇಕೆಂದು ಒಂದು ಹೆಣವನ್ನೋ ಒಂದು ಚೀತ್ಕಾರವನ್ನೋ ತಂದಿಟ್ಟ ದಿನಗಳಿವೆ. ಮುಂದಿನ ಪುಟಗಳಲ್ಲಿ ಆ ಸಾಲಿನ ಸಾಲ ತೀರಿಸಲು ನನ್ನಲ್ಲಿ ಏನೂ ಇರಲಿಲ್ಲ. ಈ ಲೇಖನವನ್ನೂ ಅಜ್ಜಿಯ ಪ್ರಶ್ನೆಯಿಂದಲೇ ಶುರು ಮಾಡಿದ್ದೇನೆ. ನಿಮ್ಮನ್ನು ಕರೆದದ್ದು ಸಾರ್ಥಕವಾಯಿತೇ ಎಂದು ನೀವೇ ಹೇಳಬೇಕು. ಇನ್ನೊಬ್ಬರ ಗಮನ ಎಂದರೆ ಅವರ ಆಯುಷ್ಯದ ಒಂದು ಚೂರು. ಅದು ನಮ್ಮ ಕೈಗೆ ಬಂದಷ್ಟು ಹೊತ್ತು ಅಮಾನತ್ತು.

ಅಳಿಯ ಈಗ ವೆಬ್‌ಸೈಟ್ ಬದಲಾಯಿಸಿದ್ದಾನೆ. ನನ್ನ ಉಪದೇಶಕ್ಕಿಂತ ಗೌಡರ ಮೌನಕ್ಕೆ ಅವನು ಹೆಚ್ಚು ಹೆದರಿದನೆಂದು ಕಾಣುತ್ತದೆ. ತಾನಾಗಿ ಓಡುವುದು ಏನೂ ಇಲ್ಲ. ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ಎಂದು ಜೋಗದ ನಾಲ್ಕು ಪುಟ್ಟ ವಿಡಿಯೊಗಳಿವೆ. ಬೇಕಾದವರು ಒತ್ತಿ ನೋಡಬಹುದು. ನೆಟ್‌ವರ್ಕ್ ಒಂದು ಗೆರೆ ಇದ್ದರೂ ಪುಟ ತೆರೆಯುತ್ತದೆ. ಏಪ್ರಿಲ್‌ನ ವಿಡಿಯೊದ ಕೆಳಗೆ “ಈಗ ನೀರು ಕಡಿಮೆ. ತೋಟ ತಂಪಾಗಿದೆ, ಹಲಸಿನಕಾಯಿ ಹಪ್ಪಳ ಮಾಡುತ್ತಿರುತ್ತೇವೆ” ಎಂದು ಬರೆದಿದ್ದಾನೆ. ಆ ಸಾಲು ಗೌಡರ ಹೆಂಡತಿಯದಂತೆ.

ಇದರಿಂದ ವ್ಯಾಪಾರ ಹೆಚ್ಚಿತು ಎಂದು ಬರೆದು ಮುಗಿಸಲು ನನಗೂ ಇಷ್ಟ. ಆದರೆ 2025ರ ಏಪ್ರಿಲ್‌ನಲ್ಲಿ ಹೆಚ್ಚಿನ ದಿನ ಎರಡು ಕೋಣೆ ಖಾಲಿ ಇದ್ದವು. ಸಾಲದ ಕಂತು ಇನ್ನೂ ಇದೆ. ಗೌಡರನ್ನು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕಂಡಾಗ ಹಿಂಜರಿಯುತ್ತಲೇ ಕೇಳಿದೆ. “ಇರ್ಲಿ ಬಿಡಿ ಸಾಹೇಬ್ರೇ, ಬಂದವರ ಮುಖ ನೋಡಿ ಊಟ ಬಡಿಸ್ಬಹುದು ಈಗ” ಅಂದರು. ಆಮೇಲೆ ಸ್ವಲ್ಪ ತಡೆದು, “ಆ ರಾಯಚೂರಿನ ಅಜ್ಜೀನ ಮಳೆಗಾಲದಲ್ಲಿ ಒಂದ್ಸಲ ಕರೀಬೇಕು ಅಂತ ಇದೆ. ದುಡ್ಡು ಬೇಡ. ಬರ್ತಾರೋ ಇಲ್ಲವೋ” ಎಂದು ನನ್ನನ್ನೇ ಕೇಳಿದರು.